ಕರೆಯಲು ಬಂದರು

ಕೊಪ್ಪದ ಸುತ್ತಮುತ್ತ ಯಾರ ಮನೆಗೆ ಹೋದರೂ ಸ್ಟೀಲಿನ ಡಬರಿಯೊಂದನ್ನು ತಿರುಗಿಸಿ ನೋಡಿ, ನನ್ನ ಅಕ್ಷರ ಸಿಗುತ್ತದೆ. ‘ಶೇಷಮ್ಮ ಮತ್ತು ದೇವಪ್ಪ, ಮುತ್ತಿನಕೊಪ್ಪ’ ಎಂದೋ, ‘ಗೃಹಪ್ರವೇಶದ ನೆನಪಿಗೆ’ ಎಂದೋ ಇರುತ್ತದೆ. ಕೊಟ್ಟವರ ಹೆಸರಿರುತ್ತದೆ, ಬರೆದವಳದು ಇರುವುದಿಲ್ಲ. ಅದಕ್ಕೇ ನಾನೇ ಹೇಳಿಬಿಡುತ್ತೇನೆ. ನಾನು ಚೈತ್ರ. ಗಜಾನನಣ್ಣನ ಪಾತ್ರೆ ಅಂಗಡಿಯಲ್ಲಿ ಹತ್ತು ಹನ್ನೊಂದು ವರ್ಷ ಇದ್ದವಳು.

ಅಂಗಡಿ ಅಂದಮೇಲೆ ಗುಡಿಸುವುದು, ಒರೆಸುವುದು, ಅಟ್ಟದಿಂದ ಕೊಳದಪ್ಪಲೆ ಇಳಿಸುವುದು ಎಲ್ಲ ಇತ್ತು. ಆದರೆ ನನ್ನದು ಎಂದು ಹೇಳಿಕೊಳ್ಳುವ ಕೆಲಸ ಹೆಸರು ಹಾಕುವುದು. ದಪ್ಪ ಪೆನ್ನಿನಂಥ ಒಂದು ಮೆಷಿನ್, ಸ್ವಿಚ್ ಹಾಕಿದರೆ ಅದರ ಮೊನೆ ಗಿರ್ರೆಂದು ನಡುಗುತ್ತದೆ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಚುಕ್ಕೆ ಚುಕ್ಕೆಯಾಗಿ ಬರೆಯುತ್ತಾ ಹೋಗಬೇಕು. ಬರೆದದ್ದನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಗಿರಾಕಿಗಳು ನನ್ನ ಮುಂದೆ ಸ್ಟೂಲಿನ ಮೇಲೆ ಕೂತು, ಯಾರ ಹೆಸರು ಮೊದಲು, ಯಾರದ್ದು ಆಮೇಲೆ, ಭಾವನ ಹೆಸರು ಬೇಕೋ ಬೇಡವೋ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಅತ್ತೆ ಸೊಸೆಯರ ಜಗಳವೆಲ್ಲ ಅಲ್ಲೇ ಇತ್ಯರ್ಥ. ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಅಂಗಡಿಗೆ ಹೋಗಬೇಕಲ್ಲ ಎಂದು ಬೆಳಿಗ್ಗೆ ಬೇಸರಪಟ್ಟವಳಲ್ಲ. ನನಗೆ ಬೇಸರವಾಗುತ್ತಿದ್ದದ್ದು ಸಂಜೆ ಶಟರ್ ಎಳೆಯುವಾಗ.

ಏಕೆಂದರೆ ಶಟರ್ ಎಳೆದ ಮೇಲೆ ನನ್ನ ಕೋಣೆಗೆ ಹೋಗಬೇಕಿತ್ತು. ವಠಾರದಲ್ಲಿ ಒಂದೇ ಕೋಣೆ, ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟೌ. ಮುತ್ತಿನಕೊಪ್ಪದಲ್ಲಿ ಅಣ್ಣ ಅತ್ತಿಗೆ ಇದ್ದಾರೆ. ಅಲ್ಲಿ ನನಗೆ ಹಬ್ಬದ ದಿನ ಜಾಗವಿದೆ, ಹಬ್ಬದ ಮಾರನೆಯ ದಿನಕ್ಕಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಯಿತು. ಆ ಕತೆ ಇಲ್ಲಿ ಬೇಡ.

ಗಜಾನನಣ್ಣನಿಗೆ ನನ್ನ ಬಗ್ಗೆ ಒಂದು ಮಾತು ಬಾಯಿಪಾಠವಾಗಿತ್ತು. ಹೊಸ ಗಿರಾಕಿ ಯಾರಾದರೂ ‘ಇವರು?’ ಎಂದರೆ, “ನಮ್ಮ ಮನೆಯವಳೇ” ಎನ್ನುತ್ತಿದ್ದರು. ಒಮ್ಮೆ ಶೃಂಗೇರಿ ಕಡೆಯ ಒಬ್ಬರು ಅದನ್ನು ನಿಜವೆಂದುಕೊಂಡು ನನಗೆ ಕೈಮುಗಿದು, “ಮಕ್ಕಳೆಷ್ಟಮ್ಮ?” ಎಂದು ಕೇಳಿಬಿಟ್ಟರು. ಒಳಗಿದ್ದ ಗಜಾನನಣ್ಣನ ನಿಜವಾದ ಮನೆಯವರು, ಅಂದರೆ ಶಾರದಕ್ಕ, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಅಂದಿನಿಂದ ಗಜಾನನಣ್ಣ “ನಮ್ಮನೆ ಹುಡುಗಿ” ಎಂದು ತಿದ್ದಿಕೊಂಡರು. ಅಂಗಡಿಯ ಹಿಂದೆಯೇ ಅವರ ಮನೆ. ಮಧ್ಯಾಹ್ನ ಶಾರದಕ್ಕ ಮಾಡಿದ ಹುಳಿಯಲ್ಲಿ ನನಗೂ ಒಂದು ಪಾಲು ಬರುತ್ತಿತ್ತು. ಮಗಳು ಶ್ರೀರಂಜನಿ ಸ್ಕೂಲಿನಿಂದ ಬಂದವಳು ನನ್ನ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಯೇ ದೊಡ್ಡವಳಾದದ್ದು.

ಆ ರಂಜುವಿನ ಮದುವೆ ನಿಶ್ಚಯವಾಯಿತು. ಶೃಂಗೇರಿಯ ಕಲ್ಯಾಣ ಮಂಟಪ, ಮಾಘ ಮಾಸ. ಸುದ್ದಿ ಕೇಳಿ ಅವರಿಗಿಂತ ಹೆಚ್ಚು ಕುಣಿದವಳು ನಾನು. ಬಂದವರಿಗೆ ಕೊಡುವ ಲೋಟಗಳಿಗೆಲ್ಲ ಹೆಸರು ಹಾಕಿದ್ದು ನಾನು. ಹುಡುಗಿಗೆ ಕೊಡುವ ಬೆಳ್ಳಿ ಸಾಮಾನು ಬಟ್ಟೆ ಸುತ್ತಿ ಪೆಟ್ಟಿಗೆಗೆ ತುಂಬಿಸಿದ್ದು ನಾನು. ನನ್ನ ಪಾಲಿಗೆ ಒಂದು ಹೊಸ ಸೀರೆಯನ್ನೂ ತಂದಿಟ್ಟುಕೊಂಡೆ, ಹಸಿರು ಮೈಗೆ ಕೆಂಪು ಅಂಚು. ಯಾರೂ ಕೇಳದಿದ್ದರೂ ನಾನೇ ಮೂರು ಸಲ ಉಟ್ಟು ನೋಡಿಕೊಂಡೆ.

ಇನ್ನು ಕರೆಯುವ ಕೆಲಸ. ನಮ್ಮ ಕಡೆ ಕರೆಯುವುದೆಂದರೆ ಫೋನಿಗೆ ಕಾರ್ಡ್ ಕಳಿಸುವುದಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಹೋಗಬೇಕು, ಕೂರಬೇಕು, ಹೆಂಗಸರಿಗೆ ಕುಂಕುಮ ಕೊಡಬೇಕು, ಬಾಯಿಬಿಟ್ಟು ಬನ್ನಿ ಎನ್ನಬೇಕು. ಕಾರ್ಡ್ ಬಂದು ಬಾಯಿಮಾತು ಬಾರದಿದ್ದರೆ ಊಟಕ್ಕೆ ಹೋಗದವರು ಈಗಲೂ ಇದ್ದಾರೆ. ನಾನೂ ಆ ಜಾತಿಯವಳೇ. ಕರೆಯದ ಮನೆಯ ಮೆಟ್ಟಿಲು ಹತ್ತುವವಳಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ಇಷ್ಟಾದರೂ ಬಿಗುಮಾನ ಇರಬೇಕಲ್ಲ.

ಶಾರದಕ್ಕನಿಗೆ ಮಂಡಿನೋವು. ಜೊತೆಗೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಯಾವ ಮನೆ ಎಲ್ಲಿ, ಯಾರ ಹೆಸರು ಹೇಳಿ ಕರೆಯದಿದ್ದರೆ ಯಾರಿಗೆ ಸಿಟ್ಟು ಬರುತ್ತದೆ ಎಂಬುದೆಲ್ಲ ಪಾತ್ರೆಗಳ ದೆಸೆಯಿಂದ ನನಗೆ ಗೊತ್ತಿತ್ತು. ಬಾಳೆಹೊನ್ನೂರು, ನರಸಿಂಹರಾಜಪುರ, ಎಲ್ಲ ಸುತ್ತಿದೆವು. ಕುಂಕುಮದ ಭರಣಿ, ಅಕ್ಷತೆ, ಕಾರ್ಡಿನ ಚೀಲ ನನ್ನ ಕೈಯಲ್ಲಿ. ಪ್ರತಿ ಮನೆಯಲ್ಲೂ ನಾನು ಶಾರದಕ್ಕನ ಹಿಂದೆ ನಿಂತು ಭರಣಿಯ ಮುಚ್ಚಳ ತೆಗೆದುಕೊಡುತ್ತಿದ್ದೆ.

ಕೊನೆಯ ದಿನ ಕೊಪ್ಪದೊಳಗಿನ ಮನೆಗಳು. ಕಟ್ಟಕಡೆಗೆ ನಮ್ಮ ವಠಾರ, ಏಕೆಂದರೆ ಮದುವೆಗೆ ಹೂವು ಕೊಡುವ ವೀರಬಸಮ್ಮ ಇರುವುದು ನನ್ನ ಪಕ್ಕದ ಕೋಣೆಯಲ್ಲಿ. ಆ ಬೆಳಿಗ್ಗೆಯೇ ನಾನು ಎದ್ದು ಕೋಣೆ ಒರೆಸಿದ್ದೆ. ಲಿಂಬೆಹಣ್ಣು ಹಿಂಡಿ ಶರಬತ್ತು ಮಾಡಿ ಮುಚ್ಚಿಟ್ಟಿದ್ದೆ. ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಸಿದ್ದೆ. ಒಂದೇ ಕುರ್ಚಿ ಸಾಲದೆಂದು ವೀರಬಸಮ್ಮನ ಹತ್ತಿರ ಇನ್ನೊಂದನ್ನು ಕೇಳಿ ತಂದಿಟ್ಟಿದ್ದೆ.

ವೀರಬಸಮ್ಮನಿಗೆ ಕುಂಕುಮ ಕೊಟ್ಟಾಯಿತು, ಕರೆದದ್ದಾಯಿತು. ಹೊರಗೆ ಬಂದೆವು. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ನನ್ನ ಕೋಣೆಯ ಬೀಗ ತೆಗೆದು ಬಾಗಿಲು ಪೂರ್ತಿ ತೆರೆದು ನಿಂತೆ. ಇನ್ನು ನನ್ನನ್ನು ಕರೆಯುವ ಸರದಿ ಎಂದುಕೊಂಡಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

“ಒಳಗೆ ಬನ್ನಿ ಶಾರದಕ್ಕ, ಕೂತು ಹೋಗಿ” ಎಂದೆ.

“ಅಯ್ಯೋ, ನಿಂಗೆಂತ ಉಪಚಾರ ಮಾರಾಯ್ತಿ! ನನ್ನ ಕಾಲು ಸೆಟೆದುಹೋಗಿದೆ. ಆ ಚೀಲ ಇಲ್ಲಿ ಕೊಡು, ಇನ್ನು ಮನೆ ಸೇರ್ತೀವಿ. ನಾಳೆ ಸ್ವಲ್ಪ ಬೇಗ ಬಾ, ಆಯ್ತಾ?”

ಗಜಾನನಣ್ಣ ಆಗಲೇ ಕಾರು ತಿರುಗಿಸಿದ್ದರು. ನಾನು ಚೀಲ ಕೊಟ್ಟೆ. ಅದರಲ್ಲಿ ಕಾರ್ಡುಗಳು ಇನ್ನೂ ಉಳಿದಿದ್ದವು. ಕಾರು ಹೋಯಿತು. ಎರಡು ಕುರ್ಚಿ ನೋಡಿಕೊಂಡು ನಾನೊಬ್ಬಳೇ ಆ ಶರಬತ್ತನ್ನೆಲ್ಲ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಆಮೇಲಿನ ದಿನಗಳಲ್ಲೂ ಕಾದೆ. ಅಂಗಡಿಯಲ್ಲಾದರೂ ಒಂದು ಮಾತು ಹೇಳಿಯಾರು ಎಂದುಕೊಂಡೆ. ‘ಚೈತ್ರಾ, ಚಕ್ಕುಲಿ ಡಬ್ಬ ಎಲ್ಲಿ’, ‘ಚೈತ್ರಾ, ಶಾಮಿಯಾನದವನಿಗೆ ಫೋನ್ ಮಾಡು’, ಇದೇ ಆಯಿತು. ‘ನೀನು ಬಾ’ ಎಂಬುದು ಮಾತ್ರ ಬರಲಿಲ್ಲ. ನಾನೇ ಕೇಳಬಹುದಿತ್ತು ಎನ್ನುತ್ತೀರಿ. ನನ್ನನ್ನು ಕರೆಯಿರಿ ಎಂದು ಕೇಳಿ ಕರೆಸಿಕೊಂಡರೆ ಅದಕ್ಕೆ ಕರೆ ಎನ್ನುತ್ತಾರಾ?

ಮದುವೆಯ ದಿನ ನಾನು ಹೋಗಲಿಲ್ಲ. ವೀರಬಸಮ್ಮ ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಹೊರಟಾಗ, “ನೀನು ಅವರ ಕಾರಲ್ಲೇ ಬರ್ತೀಯೇನೋ” ಎಂದಳು. ತಲೆಯಾಡಿಸಿದೆ. ಒಂಬತ್ತರ ಸುಮಾರಿಗೆ ಶಾರದಕ್ಕನ ಫೋನ್ ಬಂತು. ಹಿಂದೆ ವಾಲಗದ ಸದ್ದು.

“ಎಲ್ಲಿದೀಯೇ ನೀನು?”

“ಜ್ವರ ಬಂದಿದೆ ಶಾರದಕ್ಕ” ಎಂದೆ. ಸುಳ್ಳು.

“ಇವತ್ತೇ ಬರ್ಬೇಕಿತ್ತಾ ಆ ಜ್ವರ! ಮಲಕ್ಕೋ, ಮಲಕ್ಕೋ. ಅಲ್ಲ, ಬೆಳ್ಳಿ ಪಂಚಪಾತ್ರೆ ಯಾವ ಪೆಟ್ಟಿಗೇಲಿ ಇಟ್ಟಿದೀಯ?”

ಹೇಳಿದೆ. ಫೋನ್ ಇಟ್ಟರು. ಓಹೋ, ನಾನು ಇಲ್ಲದ್ದು ಗೊತ್ತಾದದ್ದು ಪಂಚಪಾತ್ರೆ ಸಿಗದಿದ್ದಾಗ ಎಂದುಕೊಂಡೆ. ಹಸಿರು ಸೀರೆಯನ್ನು ಟ್ರಂಕಿನ ತಳಕ್ಕೆ ತುರುಕಿದೆ. ಸಂಜೆ ವೀರಬಸಮ್ಮನ ಕೈಯಲ್ಲಿ ಶಾರದಕ್ಕ ಒಂದು ಡಬ್ಬಿ ಹೋಳಿಗೆ, ಚಿತ್ರಾನ್ನ ಕಳಿಸಿದ್ದರು. ಸಿಟ್ಟಿನಲ್ಲೇ ಪೂರ್ತಿ ತಿಂದೆ. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಅದೇ ತಿಂಗಳು ಬಾಳೆಹೊನ್ನೂರಿನಲ್ಲಿ ರಾಕೇಶ ಎಂಬವರು ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮೆಷಿನ್‌ಗಳ ದೊಡ್ಡ ಶೋರೂಮ್ ಹಾಕಿದರು. ಕೆಲಸಕ್ಕೆ ಜನ ಬೇಕೆಂದು ಕೇಳಿದ್ದೇ ತಡ, ಒಪ್ಪಿಕೊಂಡೆ. ಗಜಾನನಣ್ಣನಿಗೆ ಹೇಳಿದಾಗ ಅವರು ಕೈಯಲ್ಲಿದ್ದ ತಪ್ಪಲೆಯನ್ನು ಒರೆಸಿದ್ದನ್ನೇ ಒರೆಸಿದರು.

“ಇಲ್ಲಿ ನಿಂಗೆ ಎಂತ ಕಡಿಮೆ ಆಯ್ತು?” ಎಂದರು.

“ಎಂತದೂ ಇಲ್ಲ” ಎಂದೆ. ಅಷ್ಟು ಹೇಳಿ ಹೊರಟುಬಂದೆ. ಅವರೂ ಇನ್ನೊಂದು ಸಲ ಕೇಳಲಿಲ್ಲ, ಅದರಿಂದಲೂ ನನಗೆ ನೋವಾಯಿತು.

ರಾಕೇಶರ ಶೋರೂಮಿನಲ್ಲಿ ದೂರಲು ಏನೂ ಇಲ್ಲ. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನ್, ಭಾನುವಾರ ರಜೆ, ಸಂಬಳವೂ ಮೊದಲಿಗಿಂತ ಚೆನ್ನಾಗಿದೆ. ಕೆಲಸಗಾರರು ಖುಷಿಯಾಗಿದ್ದರೆ ವ್ಯಾಪಾರವೂ ಖುಷಿಯಾಗಿರುತ್ತದೆ ಎಂಬುದು ಅವರ ನಂಬಿಕೆ. ಪ್ರತಿ ಶನಿವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ‘ಈ ವಾರ ಹೇಗಿತ್ತು?’ ಎಂದು ಕೇಳುತ್ತಾರೆ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ, ಮೂರರಲ್ಲಿ ಒಂದನ್ನು ಒತ್ತಬೇಕು. ಯಾರು ಯಾವುದನ್ನು ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಎಲ್ಲರೂ ನಗುವ ಮುಖವನ್ನೇ ಒತ್ತುತ್ತೇವೆ. ನನ್ನ ಹುಟ್ಟಿದ ದಿನ ಕೇಕ್ ತರಿಸಿದರು, ಚಪ್ಪಾಳೆ ತಟ್ಟಿದರು. ಒಳ್ಳೆಯ ಮನುಷ್ಯ. ಆದರೆ ಅಲ್ಲಿ ನನ್ನ ಮುಂದೆ ಕೂತು ಯಾರೂ ಭಾವನ ವಿಷಯ ಮಾತಾಡುವುದಿಲ್ಲ. ವಾರಂಟಿ ಎಷ್ಟು ವರ್ಷ ಎನ್ನುತ್ತಾರೆ, ಹೋಗುತ್ತಾರೆ. ಸಂಜೆ ಕೊಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ದಿನವಿಡೀ ಒಂದು ಮಾತೂ ಆಡಿಲ್ಲವೇನೋ ಅನ್ನಿಸುತ್ತದೆ. ಆಗ ಬಹಳ ಒಂಟಿಯೆನಿಸುತ್ತದೆ. ಆ ಮುಖ ವಾಟ್ಸಾಪಿನಲ್ಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ನಾನು ಬಟ್ಟೆ ಮಡಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ಗಜಾನನಣ್ಣ, ಅವರ ಹಿಂದೆ ಮಂಡಿ ಹಿಡಿದುಕೊಂಡು ಶಾರದಕ್ಕ. ಇಬ್ಬರೂ ಒಳಗೆ ಬಂದು ಕೂತರು, ಗಜಾನನಣ್ಣ ಕುರ್ಚಿಯಲ್ಲಿ, ಶಾರದಕ್ಕ ಮಂಚದ ಅಂಚಿನಲ್ಲಿ. ಅಷ್ಟು ವರ್ಷಗಳಲ್ಲಿ ಅವರು ನನ್ನ ಕೋಣೆಯ ಒಳಗೆ ಬಂದದ್ದು ಅದೇ ಮೊದಲು. ವಾಪಸ್ಸು ಬಾ ಎನ್ನಲು ಬಂದಿದ್ದಾರೆ ಎಂದುಕೊಂಡೆ. ಹಾಗೆ ಕೇಳಿದರೆ ಏನು ಹೇಳಲಿ ಎಂದು ಯೋಚಿಸಲೂ ಇಲ್ಲ, ಮನಸ್ಸು ಆಗಲೇ ಹೂಂ ಎಂದುಬಿಟ್ಟಿತ್ತು. ಕಾಫಿಗೆ ಹಾಲಿಟ್ಟೆ.

“ಅಂಗಡಿ ಹೇಗಿದೆ?” ಎಂದೆ, ಅವರಿಗೆ ಮಾತು ಸುಲಭವಾಗಲಿ ಎಂದು.

“ನಡೀತಿದೆ. ಹೊಸ ಹುಡುಗಿ ಬಂದಿದಾಳೆ, ದಿವ್ಯ ಅಂತ. ಅಕ್ಷರ ನಿನ್ನಷ್ಟು ದುಂಡಗಿಲ್ಲ” ಎಂದರು ಗಜಾನನಣ್ಣ.

“ಪಾಪದ ಹುಡುಗಿ. ನಮ್ಮನೆಯವಳೇ ಆಗಿಬಿಟ್ಟಿದಾಳೆ” ಎಂದರು ಶಾರದಕ್ಕ. ಆಮೇಲೆ ಸೆರಗಿನೊಳಗಿಂದ ಕುಂಕುಮದ ಭರಣಿ ತೆಗೆದರು. “ರಂಜು ಬಸುರಿ. ಬರುವ ಶುಕ್ರವಾರ ಸೀಮಂತ. ಕರೆದು ಹೋಗೋಣ ಅಂತ ಬಂದ್ವಿ.”

ಸಂತೋಷವೆಂದೆ. ಸಂತೋಷವಾಗಿತ್ತೂ ಹೌದು. ಹಾಲು ಕಾಯುವುದನ್ನು ನೋಡುತ್ತಾ ಬೆನ್ನು ತಿರುಗಿಸಿಯೇ ಕೇಳಿದೆ, “ದಿವ್ಯನ ಮನೆಗೂ ಹೋಗಿ ಬಂದ್ರಾ?”

“ದಿವ್ಯನ ಮನೆಗೆ ಎಂತಕ್ಕೆ?” ಶಾರದಕ್ಕ ನಕ್ಕರು. “ಅವಳನ್ನ ಎಂತ ಕರೆಯೋದು ಮಾರಾಯ್ತಿ? ಮನೆಯವಳು ಅಲ್ದಾ? ಮನೆ ಮಕ್ಕಳಿಗೆ ಯಾರಾದ್ರೂ ಕುಂಕುಮ ಕೊಟ್ಟು ಕರೀತಾರಾ? ಹಾಗೆ ಮಾಡಿದ್ರೆ ನೀನು ಹೊರಗಿನವಳು ಅಂದ ಹಾಗೆ ಆಗ್ತದೆ.”

ಹಾಲು ಉಕ್ಕಿ ಸ್ಟೌ ಮೇಲೆ ಹರಿಯಿತು. ನಾನು ಆರಿಸಿದೆ, ಬಟ್ಟೆ ತಗೊಂಡು ಒರೆಸಿದೆ, ಒರೆಸುತ್ತಲೇ ಇದ್ದೆ. ಆ ದಿನ ತೆರೆದ ಬಾಗಿಲಲ್ಲಿ ನಾನು ನಿಂತಿದ್ದಾಗ ಅವರು ನನ್ನನ್ನು ಬಿಟ್ಟುಹೋಗಿರಲಿಲ್ಲ. ಬಿಟ್ಟುಬಂದವಳು ನಾನು. ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಮನೆಯವಳೆಂದು ಊರಿಗೆಲ್ಲ ಹೇಳುವವರು ಮನೆಯವಳಿಗೆ ಒಂದು ಸಲ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

“ಶಾರದಕ್ಕ, ಅವಳ ಮನೆಗೂ ಹೋಗಿ” ಎಂದೆ. “ಒಂದು ಸಲ ಕರೀರಿ. ಇಲ್ದಿದ್ರೆ ತಾನು ಮನೆಯವಳು ಅಂತ ಅವಳಿಗೆ ಗೊತ್ತಾಗಲ್ಲ.”

ಶಾರದಕ್ಕ ನನ್ನ ಮುಖ ನೋಡಿದರು. ನಗು ನಿಂತಿತ್ತು. ಏನೋ ಹೇಳಲು ಹೊರಟು, “ಜ್ವರ ಅಂದಿದ್ದೆಯಲ್ಲ ಆವತ್ತು” ಎಂದಷ್ಟೇ ಅಂದರು. ನಾನು ಉಳಿದ ಹಾಲಿನಲ್ಲೇ ಕಾಫಿ ಬೆರೆಸಿ ಇಬ್ಬರಿಗೂ ಕೊಟ್ಟೆ. ನನ್ನ ಹಣೆಗೆ ಕುಂಕುಮ ಇಡುವಾಗ ಅವರ ಬೆರಳು ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು.

ಗಜಾನನಣ್ಣನಿಗೆ ಇದು ಯಾವುದೂ ತಿಳಿಯಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದು ನಿಂತರು, ಶರ್ಟು ಸರಿಮಾಡಿಕೊಂಡರು. ಇಷ್ಟು ವರ್ಷ ‘ಏ ಚೈತ್ರಾ, ಬಾರೇ ಇಲ್ಲಿ’ ಎಂದವರು ಈಗ ಎರಡೂ ಕೈ ಮುಗಿದರು. ಕರೆಯಲು ಹೋದ ಮನೆಯಲ್ಲಿ ಹೇಳುವ ಮಾತು ಒಂದೇ ತಾನೆ, ಅವರಿಗೆ ಬೇರೆ ಮಾತು ಗೊತ್ತಿರಲಿಲ್ಲ.

“ಮನೆಯವರೆಲ್ಲ ಬರ್ಬೇಕು” ಎಂದರು. “ಒಬ್ಬರೂ ತಪ್ಪಿಸ್ಬಾರ್ದು.”

ಕೋಣೆಯಲ್ಲಿ ಮಂಚವಿತ್ತು, ಕುರ್ಚಿಯಿತ್ತು, ನಾನಿದ್ದೆ. ನಾನೂ ಕೈಮುಗಿದೆ.

“ಬರ್ತೀವಿ” ಎಂದೆ.