ಪುಟ್ಟತಾಯಮ್ಮನ ಎಡಗಾಲು

ಮಂಡಿ ಮೊಹಲ್ಲಾದ ಆ ಓಣಿಯಲ್ಲಿ ಯಾರಿಗಾದರೂ ಸೊಂಟ ಹಿಡಿದರೆ ಮೊದಲು ನೆನಪಾಗುತ್ತಿದ್ದದ್ದು ಪುಟ್ಟತಾಯಮ್ಮನ ಎಡಗಾಲು. ಆಕೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಬಿಟ್ಟುಹೋಗುತ್ತದೆಂದು ಜನರ ನಂಬಿಕೆ. ಬೆಳಿಗ್ಗೆ ಹೊಸ್ತಿಲ ಬಳಿ ಬಗ್ಗಿ ನಿಂತವರಿಗೆ ಆಕೆ ಮನೆದೇವರನ್ನು ನೆನೆದು ಒಂದು ಒದೆ ಕೊಡುತ್ತಿದ್ದಳು. ಒದೆಸಿಕೊಂಡವರೇ ಕೈಮುಗಿದು ಹೋಗುವ ಮನೆ ಇಡೀ ಮೈಸೂರಿನಲ್ಲಿ ಅದೊಂದೇ ಇದ್ದೀತು.

ಆದರೆ ಗಂಡ ಜವರಯ್ಯನ ನೋವು ಮಾತ್ರ ಆ ಕಾಲಿಗೆ ಮಣಿಯಲಿಲ್ಲ.

ಜವರಯ್ಯ ಟೈಲರ್. ದಿನವೆಲ್ಲ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತು, ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂದಿನಿಂದ ಇಳಿದು ಬಲಪಾದ ಸೇರಿತ್ತು. ಹೆಂಡತಿ ಒದ್ದಾಗ ಸ್ವಲ್ಪ ಹಾಯೆನಿಸಿತು. ಆಮೇಲೆ ನೋವು ನೆಂಟರನ್ನೂ ಕರೆದುಕೊಂಡು ವಾಪಸ್ ಬಂತು. ಈಗ ಪಾದವೇ ಜೋಮು. ಪೆಡಲು ತುಳಿದದ್ದೂ ತಿಳಿಯದು. ನೆಟ್ಟಗೆ ಹೋಗಬೇಕಾದ ಹೊಲಿಗೆ ಹಾವಿನಂತೆ ಹರಿದಾಡುತ್ತಿತ್ತು. ಕಾಲು ಹೋದರೆ ಕಸುಬೇ ಹೋದಂತೆ.

“ನಾಳೆ ಅಮಾವಾಸ್ಯೆ. ಇನ್ನೊಂದು ಬಲವಾಗಿ ಹಾಕ್ತೀನಿ, ಸರಿಯೋಯ್ತದೆ ಬುಡಿ,” ಎಂದಳು ಪುಟ್ಟತಾಯಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಾವತಿ ಕೈಯಲ್ಲೊಂದು ಚಪ್ಪಲಿ ಹಿಡಿದು ಬಂದಳು.

“ಜವರಣ್ಣ, ಇದು ನಿಮ್ದಲ್ವಾ? ದಾರದಂಗಡಿ ಮುಂದೆ ಬಿದ್ದಿತ್ತು.”

ಆಗಷ್ಟೇ ದಾರ ತಂದು ಬಾಗಿಲಲ್ಲಿ ನಿಂತಿದ್ದ ಜವರಯ್ಯ ಕೆಳಗೆ ನೋಡಿದ. ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿಗಾಲು. ಅಷ್ಟು ದೂರ ಹಾಗೇ ನಡೆದು ಬಂದಿದ್ದ. ಅವನಿಗೇ ಗೊತ್ತಿರಲಿಲ್ಲ.

“ಅಕ್ಕಾ, ಒದೀಬೇಡಿ,” ಎಂದಳು ಪದ್ಮಾವತಿ. “ಇದು ಉಳುಕಲ್ಲ, ನರದ್ದಿರಬೇಕು. ಒಂಟಿಕೊಪ್ಪಲಲ್ಲಿ ಚೈತನ್ಯ ಅಂತ ಒಬ್ರು ಮೇಡಂ ಇದಾರೆ, ಕೈರೋಪ್ರಾಕ್ಟಿಕ್ ಓದಿರೋರು. ಕಂಪ್ಯೂಟರ್ ಮುಂದೆ ಕೂತು ನನ್ ಕತ್ತು ಗೂಟ ಆಗಿತ್ತಲ್ಲ, ಅವರೇ ಸರಿಮಾಡಿದ್ದು.”

“ಅದೇನಮ್ಮ ಅದು, ಕೈರೋ?”

“ಕೈಯಲ್ಲೇ ಚಿಕಿತ್ಸೆ. ಕೀಲು, ಬೆನ್ನುಮೂಳೆ, ಸ್ನಾಯು ಎಲ್ಲ ಪರೀಕ್ಷೆ ಮಾಡಿ, ಬಿಗಿದಿರೋ ಕಡೆ ಅಳತೆಯಾಗಿ ಒತ್ತಿ ಸಡಿಲ ಮಾಡ್ತಾರೆ.”

“ಅವ್ರು ಕೈಲಿ ಮಾಡೋದ ನಾನು ಕಾಲಲ್ಲಿ ಮಾಡ್ತೀನಿ. ನಂದು ಕಾಲ್ರೋಪ್ರಾಕ್ಟಿಕ್ಕು ಅನ್ಕೊ.”

“ಕಾಲಿನ ರುಚಿ ನೋಡಾಯ್ತು,” ಎಂದ ಜವರಯ್ಯ. “ಇನ್ನು ಕೈರುಚಿ ನೋಡಾನ ನಡಿ.”

ಆಟೋದಲ್ಲಿ ಪುಟ್ಟತಾಯಮ್ಮ ಫೋನಿನಲ್ಲಿ ನೋಡಿದ್ದ, ಕತ್ತು-ಬೆನ್ನು ತಿರುವುವ ವಿಡಿಯೊ ನೆನೆಸಿಕೊಂಡು ‘ಲಟಕ್, ಪಟಕ್’ ಎಂದು ಬಾಯಲ್ಲೇ ಗಂಡನ ಮೂಳೆಗಳನ್ನೆಲ್ಲ ಮುರಿದು ತೋರಿಸಿದಳು.

ಚೈತನ್ಯ ಲಟಕ್ ಎನ್ನಿಸಲೂ ಇಲ್ಲ, ಪಟಕ್ ಎನ್ನಿಸಲೂ ಇಲ್ಲ. ಜವರಯ್ಯನನ್ನು ಹಿಮ್ಮಡಿಯ ಮೇಲೆ ನಡೆಸಿದಳು. ಬಲಗಾಲಿನ ಬೆರಳು ಮೇಲೇಳಲಿಲ್ಲ. ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ಸವರಿದಳು. ಅವನಿಗೆ ತಿಳಿಯಲಿಲ್ಲ. ಮೂತ್ರ, ಮಲ ಹಿಡಿತದಲ್ಲಿದೆಯೇ ಎಂದು ಮೆಲ್ಲಗೆ ವಿಚಾರಿಸಿದಳು. ಅದೇನೂ ತೊಂದರೆ ಇರಲಿಲ್ಲ.

“ಎಲ್ಲಾದ್ರೂ ಬಿದ್ರಾ? ಏಟು ಬಿತ್ತಾ?”

ಜವರಯ್ಯ ಹೆಂಡತಿಯ ಮುಖ ನೋಡಿದ. “ಏಟು... ಮನೇಲೇ ಬಿತ್ತು ಮೇಡಂ.”

ಪುಟ್ಟತಾಯಮ್ಮ ಎಡಗಾಲನ್ನು ಬೆಂಚಿನ ಕೆಳಗೆ ಸರಿಸಿಕೊಂಡಳು. ಆಮೇಲೆ ತಾನೇ ಎಲ್ಲ ಹೇಳಿದಳು.

ಚೈತನ್ಯ ನಗಲಿಲ್ಲ, ಬೈಯಲೂ ಇಲ್ಲ. “ವಾಸಿಯಾಗ್ಲಿ ಅಂತಲೇ ಮಾಡಿದೀರಿ. ಆದ್ರೆ ಬೆರಳಿಗೆ ಶಕ್ತಿ ಇಲ್ಲ, ನರ ಒತ್ತಿರೋ ಹಾಗಿದೆ. ನಾನೂ ಈಗ ಕೈ ಹಾಕಲ್ಲ. ಇವತ್ತೇ ಆಸ್ಪತ್ರೆಲಿ ಬೆನ್ನುಮೂಳೆ ಡಾಕ್ಟರಿಗೆ ತೋರಿಸಿ. ನಾನೇ ಫೋನ್ ಮಾಡ್ತೀನಿ.”

“ಬಂದ್ಬುಟ್ಟಿದೀವಲ್ಲ, ಒಂದ್ಸಲ ಒತ್ತಿ ನೋಡ್ಬಾರ್ದಾ?”

“ಏನಾಗಿದೆ ಅಂತ ತಿಳೀದೆ ಒತ್ತಬಾರ್ದು ಕಣಮ್ಮ. ಯಾವಾಗ ಮುಟ್ಟಬಾರದು ಅನ್ನೋದೂ ನಾನು ಕಲ್ತಿರೋ ವಿದ್ಯೆನೇ.”

ತನ್ನ ಹೊಸ್ತಿಲಿಗೆ ಬಂದ ಒಬ್ಬರನ್ನೂ ಪುಟ್ಟತಾಯಮ್ಮ ಒದೆಯದೆ ಕಳಿಸಿದವಳಲ್ಲ. ಈ ಹುಡುಗಿ, ಓದಿ ಪಳಗಿದ ಕೈಯನ್ನು ಕಟ್ಟಿಕೊಂಡು, ಬಂದವರನ್ನು ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದಾಳೆ. ಅದಕ್ಕೆ ಎಷ್ಟು ಧೈರ್ಯ ಬೇಕು ಎನ್ನಿಸಿತು.

ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು. ಮೂಳೆಗಳ ನಡುವಿನ ಮೆತ್ತೆಯೊಂದು ಉಬ್ಬಿ ನರವನ್ನು ಅದುಮಿತ್ತು. “ಸದ್ಯಕ್ಕೆ ಆಪರೇಷನ್ ಬೇಡ,” ಎಂದರು ಡಾಕ್ಟರು. “ಇನ್ನೊಂದು ಜೋರು ಏಟು ಬಿದ್ದಿದ್ರೆ ಈ ಮಾತು ಹೇಳಕ್ಕಾಗ್ತಿತ್ತೋ ಇಲ್ಲವೋ.”

ಔಷಧಿ, ವಿಶ್ರಾಂತಿ ಆಯಿತು. ಬೆರಳಿಗೆ ಶಕ್ತಿ ಬರತೊಡಗಿದ ಮೇಲೆ, ಡಾಕ್ಟರು ಒಪ್ಪಿದ ನಂತರವೇ ಚೈತನ್ಯ ಕೈ ಇಟ್ಟಳು. ರೊಟ್ಟಿ ತಟ್ಟುವವರ ಬೆರಳಿಗೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತಿಳಿಯುವಂತೆ, ಆ ಬೆರಳಿಗೆ ಬೆನ್ನಿನ ಬಿಗಿ ತಿಳಿಯುತ್ತಿತ್ತು. ನೋವೆಂದರೆ ಅಲ್ಲೇ ನಿಲ್ಲಿಸುತ್ತಿದ್ದಳು. ವ್ಯಾಯಾಮ ಕಲಿಸಿದಳು, ಸ್ಟೂಲಿನ ಎತ್ತರ ಸರಿಮಾಡಿಸಿದಳು, ಆಗಾಗ ಎದ್ದು ಓಡಾಡಲು ಹೇಳಿದಳು. ಜವರಯ್ಯ ತೋಳು ಹೊಲಿದರೊಂದು ಸುತ್ತು, ಕತ್ತು ಹೊಲಿದರೊಂದು ಸುತ್ತು ಓಣಿಯಲ್ಲಿ ತಿರುಗತೊಡಗಿದ.

ಒಂದು ಸಂಜೆ ಪುಟ್ಟತಾಯಮ್ಮ ಗಂಡನ ಹಿಂದೆಯೇ ದಾರದಂಗಡಿಗೆ ಹೋಗಿ ಬಂದಳು. ದಾರಿಯುದ್ದಕ್ಕೂ ಅವಳ ಕಣ್ಣು ಅವನ ಬಲಗಾಲಿನ ಮೇಲೆಯೇ ಇತ್ತು. ಮನೆ ಬಂತು. ಚಪ್ಪಲಿಯೂ ಬಂತು.

ಮಾರನೆಯ ಬೆಳಿಗ್ಗೆ ಬೆಲ್ಲದ ಮಂಡಿಯ ಸದಾಶಿವಯ್ಯ ಸೊಂಟ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ಬಗ್ಗಿದ. “ಹಾಕಮ್ಮ ಒಂದ.”

“ಮೊದ್ಲು ನೆಟ್ಟಗೆ ನಿಂತ್ಕೊಳ್ಳಿ. ಕಾಲು ಜೋಮು ಹಿಡಿದದಾ? ಚಪ್ಪಲಿ ಜಾರ್ತದಾ?”

“ಇಲ್ಲಮ್ಮ. ಮೂಟೆ ಎತ್ತಿದ್ದೆ, ಹಿಡ್ಕಂಡದೆ.”

“ಆದ್ರೂವೆ ಹೋಗಿ ತೋರಿಸ್ಕೊಳ್ಳಿ. ಪದ್ಮಾವತಿ ವಿಳಾಸ ಕೊಡ್ತಾಳೆ.”

“ಅಂಗಾದ್ರೆ ಒದಿಯಲ್ವಾ ನೀನು?”

“ಒದೀತೀನಿ. ತೋರಿಸ್ಕೊಳ್ಳದೆ ವಾಪಸ್ ಬಂದ್ರೆ.”

ಒಳಗೆ ಮಿಷನ್ನು ಒಂದೇ ಸಮನೆ ಓಡುತ್ತಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸೊಂಟ, ಕತ್ತು, ಕೀಲು ನೋಯುತ್ತಿದ್ದರೆ ಯಾರಿಂದಲೂ ಒದೆಸಿಕೊಳ್ಳಬೇಡಿ. ಕತ್ತು ತಿರುವಿ ಲಟಕ್ಕೆನ್ನಿಸಿಕೊಳ್ಳಲೂ ಬೇಡಿ. ಸರಿಯಾಗಿ ಓದಿ ಕಲಿತವರ ಕೈಗೆ ಬೆನ್ನು ಕೊಡಿ. ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ ಎನ್ನುವವರನ್ನೇ ಆರಿಸಿಕೊಳ್ಳಿ. ಕೈಕಾಲು ಮರಗಟ್ಟಿದರೆ, ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡ ಮಾಡದೆ ನೇರ ಆಸ್ಪತ್ರೆಗೆ ನಡೆಯಿರಿ. ಈಗ ಒಮ್ಮೆ ಎದ್ದು ನಿಂತು ನಿಮ್ಮ ಚಪ್ಪಲಿ ಮೆಟ್ಟಿ ನೋಡಿ. ಕಾಲಿಗೆ ಅದರ ಅರಿವಿದೆ ತಾನೆ?