ಮೊದಲಿದ್ದ ಸಂಖ್ಯೆ

ನಮ್ಮ ಆಫೀಸಿನ ದೊಡ್ಡ ಮಶೀನು ಎಂಟುನೂರ ಹನ್ನೆರಡು ದಿನಗಳಿಂದ ಒಮ್ಮೆಯೂ ಆಫ್ ಆಗಿರಲಿಲ್ಲ. ಬಂದವರಿಗೆಲ್ಲ ಮ್ಯಾನೇಜರ್ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನ್ನನ್ನು ಕೇಳಿದರೆ ಅದು ಹೆಮ್ಮೆಯಲ್ಲ, ಪುಕ್ಕಲುತನ. ಬಸ್ ಕಂಪನಿಯ ಅಷ್ಟೂ ಟಿಕೆಟ್ ಕೌಂಟರುಗಳು ಅದನ್ನೇ ನಂಬಿಕೊಂಡಿವೆ. ಮಲಗಿಸಿದರೆ ಮತ್ತೆ ಹೇಗೆ ಏಳುತ್ತದೋ ಎಂದು ಯಾರೂ ಆ ಉಸಾಬರಿಗೆ ಹೋಗಿರಲಿಲ್ಲ.

ಆ ಮಂಗಳವಾರ ವೈರಿಂಗ್ ಬದಲಿಸುವವರು ಬಂದು, ಮಧ್ಯಾಹ್ನ ಮೂರಕ್ಕೆ ಕರೆಂಟು ತೆಗೆಯುತ್ತೇವೆ, ಒಂದು ಗಂಟೆ ಇರುವುದಿಲ್ಲ ಎಂದರು. ಬ್ಯಾಟರಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಮ್ಯಾನೇಜರ್ ನನ್ನ ಕಡೆ ನೋಡಿದರು. ಆ ಕೋಣೆಯಲ್ಲಿ ನೋಡಲು ಬೇರೆ ಯಾರೂ ಇರಲಿಲ್ಲ.

ಈ ಮಶೀನುಗಳ ಒಳಗೆ ಕರ್ನಲ್ ಎಂಬುದೊಂದಿದೆ, ಯಜಮಾನಿಕೆಯೆಲ್ಲ ಅದರದ್ದೇ. ಎಷ್ಟು ಮೆಮೊರಿ ಬಿಟ್ಟುಕೊಡಬೇಕು, ಒಟ್ಟಿಗೆ ಎಷ್ಟು ಫೈಲು ತೆರೆದಿಡಬಹುದು, ಇಂಥ ಸಾವಿರ ಚಿಲ್ಲರೆ ಸಂಖ್ಯೆಗಳನ್ನು ಹಿಡಿದುಕೊಂಡು ಅದು ಸಂಸಾರ ನಡೆಸುತ್ತದೆ. ಕಪ್ಪು ಪರದೆಯ ಮೇಲೆ ಸಿಸ್‌ಸಿಟಿಎಲ್ ಎಂಬ ಕಮಾಂಡ್ ಕೊಟ್ಟರೆ ಅಷ್ಟೂ ಸಂಖ್ಯೆಗಳನ್ನು ತೋರಿಸುತ್ತದೆ. ಹೊಸ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಆ ಕ್ಷಣದಿಂದಲೇ ಜಾರಿ. ಆದರೆ ಅದು ಮಶೀನು ಎದ್ದಿರುವವರೆಗೆ ಮಾತ್ರ. ಒಮ್ಮೆ ಆಫ್ ಆಗಿ ಎದ್ದರೆ ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಮರೆತು, ಫೈಲಿನಲ್ಲಿ ಬರೆದಿಟ್ಟಿದ್ದನ್ನಷ್ಟೇ ಓದಿಕೊಳ್ಳುತ್ತದೆ.

ಹಾಗಾಗಿ ನನ್ನ ಕೆಲಸ ಸರಳವಾಗಿತ್ತು. ಯಾರು ಯಾವಾಗ ಏನನ್ನು ಕೈಯಲ್ಲಿ ಬದಲಿಸಿ ಫೈಲಿಗೆ ಬರೆಯದೆ ಬಿಟ್ಟಿದ್ದಾರೋ ಹುಡುಕಿ, ಮೂರು ಗಂಟೆಯೊಳಗೆ ಬರೆಯಬೇಕು. ದೊಡ್ಡ ಮಶೀನಿನ ಪಟ್ಟಿಯ ಪಕ್ಕದಲ್ಲಿ, ಅಭ್ಯಾಸಕ್ಕೆಂದು ಇಟ್ಟು ಈಚೆಗೆ ಯಾರೂ ಮುಟ್ಟದ ಟೆಸ್ಟ್ ಮಶೀನಿನ ಪಟ್ಟಿ ಇಟ್ಟು ಹೋಲಿಸಿದೆ. ಏಳು ಕಡೆ ವ್ಯತ್ಯಾಸವಿತ್ತು. ಏಳೂ ಮಾವನ ಕೈಕೆಲಸ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಈ ಕುರ್ಚಿಯಲ್ಲಿ ನನಗಿಂತ ಮೊದಲು ಹತ್ತೊಂಬತ್ತು ವರ್ಷ ಕೂತವರು. ನನಗೆ ಈ ಕೆಲಸ ಕಲಿಸಿದ್ದೂ ಅವರೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೌಂಟರುಗಳೆಲ್ಲ ಇದ್ದಕ್ಕಿದ್ದಂತೆ ನಿಂತುಹೋದವು. ಮಾವ ಮೂವತ್ತೈದು ನಿಮಿಷ ತಡಕಾಡಿ, ಕರ್ನಲ್‌ನ ಒಂದು ಸಂಖ್ಯೆ ಯಾರೋ ತೀರಾ ಇಳಿಸಿದ್ದಾರೆ ಎಂದು ಕಂಡುಹಿಡಿದು ಮತ್ತೆ ಏರಿಸಿದರು. ಆಮೇಲೆ ನನ್ನ ಹತ್ತಿರ ಬಂದು, "ನೀನೇನಾದ್ರೂ ದೊಡ್ಡ ಮಶೀನು ಮುಟ್ಟಿದ್ಯೇನೇ?" ಎಂದು ಕೇಳಿದರು. "ಇಲ್ಲ ಮಾವ, ಟೆಸ್ಟ್ ಮಶೀನಲ್ಲಿ ಅಭ್ಯಾಸ ಮಾಡ್ತಿದ್ದೆ" ಎಂದೆ. ನಮ್ಮಿಬ್ಬರಿಗೂ ಒಂದೇ ಲಾಗಿನ್ ಇತ್ತು. ನಾನಲ್ಲ ಎಂದಮೇಲೆ ಅವರೇ ಇರಬೇಕು. ಆದರೆ ಮಾಡಿದ್ದು ಅವರಿಗೆ ನೆನಪೇ ಇರಲಿಲ್ಲ.

ಮಾವ ಬೈಗುಳಕ್ಕೆ ಜಗ್ಗುವ ಆಸಾಮಿಯಲ್ಲ. ನೆನಪಿಲ್ಲ ಎನ್ನುವುದೇ ಅವರನ್ನು ತಿಂದುಹಾಕಿತು. ತಿಂಗಳೊಳಗೆ ರಾಜೀನಾಮೆ ಕೊಟ್ಟರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರೂ ನಂಬಲಿಲ್ಲ. ಕಾರು ಓಡಿಸುವುದು ಬಿಟ್ಟರು. ಅತ್ತೆಯ ಅಡುಗೆಮನೆಯಲ್ಲಿ ಸ್ಟೌವಿನ ಮೇಲೆ, ನಲ್ಲಿಯ ಪಕ್ಕ, ಬಾಗಿಲ ಹಿಂದೆ ಚೀಟಿ ಅಂಟಿಸಿದರು: ಆರಿಸು, ತಿರುಗಿಸು, ಬೀಗ ನೋಡು. ಹೊರಗೆ ಹೊರಟರೆ ಗೇಟಿನಿಂದ ಮೂರು ಸಲ ವಾಪಸು ಹೋಗಿ ಬೀಗ ಜಗ್ಗಿ ನೋಡುತ್ತಿದ್ದರು. ನಾವು ಮನೆಮಂದಿ ಮೊದಮೊದಲು ನಗುತ್ತಿದ್ದೆವು.

ಆರು ವ್ಯತ್ಯಾಸಗಳನ್ನು ಫೈಲಿಗೆ ಬರೆದು ಮುಗಿಸಿದೆ. ಏಳನೆಯದು ಫೈಲುಗಳ ಮಿತಿ. ದೊಡ್ಡ ಮಶೀನಿನಲ್ಲಿ ನಾಲ್ಕು ಲಕ್ಷ, ಟೆಸ್ಟ್ ಮಶೀನಿನಲ್ಲಿ 97,816. ಇದನ್ನು ಮಾವ ಏಕೆ ಏರಿಸಿದ್ದರೆಂದು ನೋಡಲು ಡ್ರಾಯರಿನ ತಳದಿಂದ ನನ್ನ ಕಲಿಕೆಯ ದಿನಗಳ ನೋಟ್‌ಬುಕ್ ತೆಗೆದೆ. ಪ್ರತಿ ಪುಟದ ತುದಿಗೆ ತಾರೀಕು ಹಾಕು ಎಂದು ಅವರೇ ಗದರಿಸಿ ಕಲಿಸಿದ್ದರು. ಒಂದು ಪುಟದಲ್ಲಿ ಹೀಗಿತ್ತು:

ಅಭ್ಯಾಸ, ಟೆಸ್ಟ್ ಮಶೀನು. ಯಾವುದಾದರೂ ಒಂದು ಸಂಖ್ಯೆ ಬದಲಿಸುವುದು. ಆರಿಸಿಕೊಂಡದ್ದು: ಫೈಲು ಮಿತಿ. ಮೊದಲು ಇದ್ದದ್ದು: 400000. ಈಗ: 2000. ಮಶೀನು ಆಫ್ ಮಾಡಿ ಎಬ್ಬಿಸಿದ ಮೇಲೆ 2000 ಇಲ್ಲ. ಮಾವ ಹೇಳಿದ್ದು ಸರಿ.

ಎರಡು ಸಲ ಓದಿದೆ. ಟೆಸ್ಟ್ ಮಶೀನಿನಲ್ಲಿ ನಾಲ್ಕು ಲಕ್ಷ ಯಾವತ್ತೂ ಇರಲಿಲ್ಲ. ಆ ದಿನ ನನ್ನ ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ತೆರೆದಿದ್ದವು. ದೊಡ್ಡ ಮಶೀನಿನದು ಸುಮ್ಮನೆ ನೋಡಲಿಕ್ಕೆ, ಇನ್ನೊಂದು ಅಭ್ಯಾಸಕ್ಕೆ. ನೋಡುವ ಕಿಟಕಿಯಲ್ಲಿ ಟೈಪ್ ಮಾಡಿದ್ದೇನೆ. ಆಮೇಲೆ ಎದ್ದುಹೋಗಿ ಟೆಸ್ಟ್ ಮಶೀನಿನ ಬಟನ್ ಒತ್ತಿ, ಅದು ಎದ್ದ ಮೇಲೆ 2000 ಇಲ್ಲದ್ದನ್ನು ಕಂಡು ಖುಷಿಪಟ್ಟಿದ್ದೇನೆ. ಅಲ್ಲಿ ಅದು ಇದ್ದಿದ್ದರೆ ತಾನೇ ಹೋಗುವುದು! ಪುಟದ ತುದಿಯಲ್ಲಿದ್ದದ್ದು ಕೌಂಟರುಗಳು ನಿಂತ ದಿನದ ತಾರೀಕು. ಮಾವ ಅಂದು ಮತ್ತೆ ಏರಿಸಿದ್ದ ಸಂಖ್ಯೆ ಇದೇ.

ಏಳನೆಯ ಸಾಲನ್ನೂ ಬರೆದೆ. ಮೂರಕ್ಕೆ ಕರೆಂಟು ಹೋಯಿತು, ನಾಲ್ಕಕ್ಕೆ ಬಂತು. ಮಶೀನು ಎದ್ದು, ಫೈಲು ಓದಿಕೊಂಡು, ನಾಲ್ಕು ಲಕ್ಷ ತೋರಿಸಿತು. ಕೌಂಟರುಗಳು ಶುರುವಾದವು. ನಾನು ಆ ನೋಟ್‌ಬುಕ್ಕಿನ ಪುಟದ ನಕಲು ತೆಗೆದು, ಅದರ ಕೆಳಗೆ ತಪ್ಪು ನನ್ನದೆಂದು ಬರೆದು ಸಹಿ ಹಾಕಿ ಮ್ಯಾನೇಜರ್ ಮುಂದಿಟ್ಟೆ.

"ಯಾವ ಕಾಲದ್ದಮ್ಮಾ ಇದು? ಈಗ್ಯಾಕೆ ಕೆದಕ್ತೀರಿ?" ಎಂದರು ಅವರು.

"ಕೌಂಟರು ನಿಂತಿದ್ದರ ಹಳೇ ರಿಪೋರ್ಟಿನ ಜೊತೆ ಇದನ್ನೂ ಇಡಿ ಸರ್. ಅದರಲ್ಲಿ ಮಾವನ ಹೆಸರಿದೆ."

ನನಗೇನು ಶಿಕ್ಷೆಯಾಗುತ್ತದೋ ನೋಡೋಣ ಎಂದರು. ಆಗಲಿ ಎಂದುಕೊಂಡು ಐದೂವರೆಗೆ ಮಾವನ ಮನೆಗೆ ಹೋದೆ.

ಅತ್ತೆ ತಂಗಿಯ ಮನೆಗೆ ಹೋಗಿದ್ದರು. ನಾನು ಪೀಠಿಕೆ ಹಾಕದೆ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟೆ. ಮಾವ ಕನ್ನಡಕ ಹಾಕಿಕೊಂಡು ಓದಿದರು.

"ಟೆಸ್ಟ್ ಮಶೀನಲ್ಲಿ ಎಷ್ಟಿದೆ ಈಗ?"

"ತೊಂಬತ್ತೇಳು ಸಾವಿರದ ಎಂಟುನೂರ ಹದಿನಾರು."

ಅಷ್ಟೇ ಸಾಕಾಯಿತು ಅವರಿಗೆ. ತಾರೀಕಿನ ಮೇಲೆ ಬೆರಳಿಟ್ಟರು.

"ನಾನಲ್ಲ," ಎಂದರು.

"ಅಲ್ಲ ಮಾವ. ನಾನು."

"ಎರಡು ವರ್ಷ ಕಣೇ!" ಎಂದು ಮೇಜಿಗೆ ಗುದ್ದಿದರು. ಅವರು ನನ್ನ ಮೇಲೆ ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ ನಾನು. ನಿಮ್ಮತ್ತೇನೂ ಹಾಗೇ ಅಂದ್ಕೊಂಡಿದ್ದಾಳೆ, ಬಾಯಿ ಬಿಟ್ಟು ಹೇಳಲ್ಲ ಅಷ್ಟೆ." ಕ್ಷಮಿಸಿ ಎಂದೆ, ಆ ಮಾತು ನನ್ನ ಕಿವಿಗೇ ಕಾಟಾಚಾರದ್ದು ಅನ್ನಿಸಿತು. ಅವರು ಮತ್ತೊಮ್ಮೆ ಪುಟ ನೋಡಿ ನಕ್ಕರು. "ತಾರೀಕು ಹಾಕೋದು ಮಾತ್ರ ಸರಿಯಾಗಿ ಕಲಿತಿದೀಯ," ಎಂದರು. ಎದ್ದು ಅಡುಗೆಮನೆಗೆ ಹೋಗಿ ಚೀಟಿಗಳನ್ನೆಲ್ಲ ಕಿತ್ತು ತಂದು ನನ್ನ ಕೈಗೆ ಕೊಟ್ಟರು.

"ಬಾ, ಬಸ್‌ಸ್ಟಾಪಿನವರೆಗೂ ಬರ್ತೀನಿ," ಎಂದರು. ಬೀಗ ಹಾಕಿ, ಕೀ ಜೇಬಿಗಿಳಿಸಿ, ಹಗುರವಾಗಿ ಹೆಜ್ಜೆ ಹಾಕುತ್ತಾ ಗೇಟು ದಾಟಿದರು. ಅಲ್ಲೇ ನಿಂತರು. ನಾನೂ ನಿಂತೆ.

"ಒಂದ್ನಿಮಿಷ," ಎಂದು ವಾಪಸು ಹೋಗಿ ಬೀಗ ಜಗ್ಗಿದರು. ಬಂದರು. ಗೇಟಿನ ಹತ್ತಿರ ಬಂದು ಮತ್ತೆ ಹೋದರು. ಮೂರನೆಯ ಸಲ ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಇದನ್ನ ಫೈಲಿಗೇ ಬರೆದುಬಿಟ್ಟಿದೀನಿ ಅನ್ಸತ್ತೆ ಕಣೇ," ಎಂದರು.

ನಗಲೆಂದೇ ಹೇಳಿದ್ದರು. ನನಗೆ ನಗು ಬರಲಿಲ್ಲ. ಚೀಟಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಅವರು ಬರುವವರೆಗೂ ಗೇಟಿನ ಹತ್ತಿರ ಕಾದೆ.