ಮೂತಿ ಮೇಲಾಗಿ ಎರಡೂವರೆ ಗಂಟೆ

ಒಂದು ಕಡೆ ಕೂರುವುದು ಆ ನರ್ಸಮ್ಮನ ಹಣೆಯಲ್ಲೇ ಬರೆದಿರಲಿಲ್ಲ. ಊಟಕ್ಕೆ ಕೂತರೂ ನೀರು, ಉಪ್ಪು, ಸೌಟು ಎಂದು ಮೂರು ಸಲ ಏಳುತ್ತಿದ್ದಳು. "ನನ್ನ ಸೊಸೆ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅದು ದೂರೋ ಹೊಗಳಿಕೆಯೋ ಎಂದು ಬಂದವರಿಗೆ ತಿಳಿಯುತ್ತಿರಲಿಲ್ಲ, ಅತ್ತೆಗಾದರೂ ತಿಳಿದಿತ್ತೋ ಇಲ್ಲವೋ. ಆಸ್ಪತ್ರೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಇಂಥವಳನ್ನು ಹದಿನಾಲ್ಕು ವರ್ಷ ಒಂದೇ ಕೆಲಸದಲ್ಲಿ ಹಿಡಿದಿಟ್ಟದ್ದು ಆಸ್ಪತ್ರೆಯ ಹಳೇ ಜೀಪು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಟ್ಟಿ ಗಾಡಿ. ಡ್ರೈವರು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಇವಳೇ ಲೈಸೆನ್ಸು ಮಾಡಿಸಿಕೊಂಡು ಸ್ಟೀರಿಂಗು ಹಿಡಿದಳು. ವಾರಕ್ಕೆರಡು ಸಲ ಗುಡ್ಡದ ಮೇಲಿನ ಹಟ್ಟಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ, ಬಸುರಿಯರಿಗೆ ತಪಾಸಣೆ, ಮುದುಕರಿಗೆ ಮಾತ್ರೆ. ಆ ದಿನಗಳಲ್ಲಿ ಮಾತ್ರ ಅವಳ ಎದೆಯೊಳಗಿನ ಗಿರಗಿರ ಸ್ವಲ್ಪ ತಣ್ಣಗಾಗುತ್ತಿತ್ತು.

ಈಗ ಜೀಪಿನ ಎಂಜಿನ್ನಿನ ಬ್ಲಾಕು ಸೀಳಿತ್ತು. ರಿಪೇರಿಯ ಮಾತೇ ಇಲ್ಲ, ಬೇರೆ ಎಂಜಿನ್ನೇ ಆಗಬೇಕು. ಆರೋಗ್ಯ ಕಚೇರಿಯ ದೊಡ್ಡ ಸಾಹೇಬರಿಂದ ಕಾಗದ ಬಂತು. ಎಂಜಿನ್ ಆಯ್ಕೆ ನಿಮ್ಮದು, ಜವಾಬ್ದಾರಿಯೂ ನಿಮ್ಮದು, ಒಂದನೇ ತಾರೀಖು ಗಾಡಿಯನ್ನು ಕಚೇರಿ ಅಂಗಳದಲ್ಲಿ ತಂದು ತೋರಿಸತಕ್ಕದ್ದು. ತಪ್ಪಿದರೆ ಗುಡ್ಡದ ಕೆಲಸ, ಜೀಪಿನ ಸಮೇತ, ಪಕ್ಕದ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ, ನಿಮ್ಮನ್ನು ದಾಖಲೆ ಕೋಣೆಗೆ ನಿಯೋಜಿಸಲಾಗುತ್ತದೆ.

ದಾಖಲೆ ಕೋಣೆ! ಒಂದು ಕಿಟಕಿ, ಒಂದು ಮೇಜು, ಕೈಯಿಲ್ಲದ ಒಂದು ಕುರ್ಚಿ. ಅಲ್ಲಿದ್ದ ಗುಮಾಸ್ತ ಮೂವತ್ತು ವರ್ಷ ಕೂತು ಕೂತು, ನಿಂತಾಗಲೂ ಕೂತ ಹಾಗೇ ಕಾಣುತ್ತಿದ್ದ. ಇಂಜೆಕ್ಷನ್ನಿಗೆ ಹೆದರುವ ಮಕ್ಕಳನ್ನು ನರ್ಸಮ್ಮ ನೂರಾರು ಸಲ ರಮಿಸಿದ್ದಳು. ಒಂದು ಕುರ್ಚಿಗೆ ಹೆದರುವ ತನ್ನನ್ನು ರಮಿಸುವವರು ಯಾರೂ ಇರಲಿಲ್ಲ.

ಗ್ಯಾರೇಜಿನಲ್ಲಿ ಮೂರು ಎಂಜಿನ್ನುಗಳ ಮಾತು ನಡೆಯಿತು. ಒಂದು ಪೆಟ್ರೋಲಿನದು. "ಇದು ಗುಡ್ಡ ಹತ್ತೋದಲ್ಲ, ಗುಡ್ಡದ ಬುಡಕ್ಕೆ ಹೋಗಿ ಕೈ ಮುಗಿಯುತ್ತೆ" ಎಂದು ಮೇಸ್ತ್ರಿ ಅದನ್ನು ಅಲ್ಲೇ ತಳ್ಳಿಹಾಕಿದ. ಎರಡನೆಯದು ಜೀಪಿನದೇ ತಳಿಯ ಹಳೇ ಡೀಸೆಲ್. ಬಿಚ್ಚಿ, ಸಿಲಿಂಡರು ಕೊರೆಸಿ, ಹೊಸ ಪಿಸ್ಟನ್ನು ಹಾಕಿ ಕೊಡಲು ಇಪ್ಪತ್ತೈದು ದಿನ ಬೇಕು. ಒಂದನೇ ತಾರೀಖಿಗೆ ಇದ್ದದ್ದು ಒಂಬತ್ತೇ ದಿನ. ಮೂರನೆಯದು ಒಂದು ವ್ಯಾನಿನ ಎಂಜಿನ್. ವ್ಯಾನಿಗೆ ಹಿಂದಿನಿಂದ ಲಾರಿ ಗುದ್ದಿತ್ತು, ಮುಂದಿನ ಎಂಜಿನ್ನಿಗೆ ಗೀರೂ ಬಿದ್ದಿರಲಿಲ್ಲ. ಅದು ಅವಳ ಭಾವನ, ಅಂದರೆ ಗಂಡನ ಅಣ್ಣನ, ಗುಜರಿ ಅಂಗಡಿಯಲ್ಲಿತ್ತು.

"ಹಳೇದು ಕತ್ತೆ ಕಣಮ್ಮ, ಇದು ಕುದುರೆ" ಎಂದ ಭಾವ.

"ಗುಡ್ಡಕ್ಕೆ ಕತ್ತೇನೇ ಮೇಲು" ಎಂದ ಮೇಸ್ತ್ರಿ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮೇಸ್ತ್ರಿ ಎರಡು ದಿನ ಅಳೆದ. ವ್ಯಾನಿನ ಎಂಜಿನ್ನನ್ನು ಎರಡು ಇಂಚು ಎತ್ತರಿಸಿದರೆ ಮುಂದಿನ ಆಕ್ಸಲ್ಲಿಗೆ ತಾಗುವುದಿಲ್ಲ, ಗೇರುಬಾಕ್ಸಿಗೆ ಜೋಡಿಸಲು ನಡುವೆ ಒಂದು ತಟ್ಟೆ ಮಾಡಿಸಿದರೆ ಕೂರುತ್ತದೆ, ಬಲವಂತೂ ಹಳೆಯದಕ್ಕಿಂತ ಒಂದೂವರೆ ಪಟ್ಟು. ಏರು ಹೇಗೆ ಎಂದು ಅವನೇ ಕೇಳಿದ. ಹತ್ತು ನಿಮಿಷ ಏರು, ಆಮೇಲೆ ಒಂದು ಸಮತಟ್ಟು, ಮತ್ತೆ ಏರು ಎಂದಳು. "ಹಾಗಾದ್ರೆ ಆಗುತ್ತೆ" ಎಂದು ಅರೆಮನಸ್ಸಿನಿಂದ ಒಪ್ಪಿದ. ಅವಳು ಅವನ ಮಾತು ಮುಗಿಯುವುದಕ್ಕೂ ಬಿಡದೆ "ಇದೇ ಇರ್ಲಿ" ಎಂದುಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ಆತುರಗಾರ್ತಿಯನ್ನೂ ಬಿಡುವುದಿಲ್ಲ.

ಒಂದನೇ ತಾರೀಖಿಗೆ ಎರಡು ದಿನ ಇರುವಾಗ ಎಂಜಿನ್ನನ್ನು ಮರದ ಸ್ಟ್ಯಾಂಡಿನ ಮೇಲೆ ಕೂರಿಸಿ ಚಾಲೂ ಮಾಡಿದರು. ಮಧ್ಯಾಹ್ನ ಜೀಪಿಗೆ ಇಳಿಸುವುದೆಂದು ಮಾತು. ಭಾವ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನರ್ಸಮ್ಮ ಗ್ಯಾರೇಜಿನ ಬಾಗಿಲಿಂದ ಹಿಂದಿನ ಗೋಡೆಯವರೆಗೆ, ಗೋಡೆಯಿಂದ ಬಾಗಿಲವರೆಗೆ ಓಡಾಡುತ್ತಿದ್ದಳು. ಸ್ಪ್ಯಾನರುಗಳನ್ನು ಉದ್ದ ನೋಡಿ ಜೋಡಿಸಿದಳು, ಅವನ್ನು ಮತ್ತೆ ಕಲಸಿದಳು. ಗಡಿಯಾರ ನೋಡಿದಳು.

ಮೇಸ್ತ್ರಿಗೆ ತಲೆ ತಿರುಗಿತು. "ನರ್ಸಮ್ಮ, ನಿಮ್ಮ ಕಾಲಿಗೆ ಪುಣ್ಯ ಬರ್ಲಿ, ಒಂದು ಗಳಿಗೆ ಕೂತ್ಕೊಳ್ಳಿ. ಗುಡ್ಡದ ಮೇಲೆ ಹೋದಾಗ್ಲೂ ಹೀಗೇನಾ?"

"ಮೇಲೆ ನಂಗೆ ಕೈತುಂಬ ಕೆಲಸ ಇರುತ್ತಪ್ಪ. ಸುಮ್ನೆ ನಿಂತಿರೋದು ಜೀಪು ಒಂದೇ. ಅದೂ ಪಾಪ ಎರಡೂವರೆ ಗಂಟೆ ಗುಡುಗುಡು ಅಂತಾನೇ ಇರುತ್ತೆ."

ಒರೆಸುತ್ತಿದ್ದ ಬಟ್ಟೆ ಮೇಸ್ತ್ರಿಯ ಕೈಯಲ್ಲೇ ನಿಂತಿತು. "ಗುಡುಗುಡು ಅಂದ್ರೆ? ಆಫ್ ಮಾಡಲ್ವಾ?"

"ಹೇಗೆ ಆಫ್ ಮಾಡ್ಲಿ? ಲಸಿಕೆ ಪೆಟ್ಟಿಗೆ ತಣ್ಣಗಿರಬೇಕಲ್ಲ. ಅಲ್ಲಿ ಕರೆಂಟಿಲ್ಲ, ಜೀಪಿಂದಾನೇ ವೈರು ಎಳೀತೀನಿ. ಆ ಬ್ಯಾಟರಿ ನಂಬಿದ್ರೆ ಅರ್ಧ ಗಂಟೆಗೆ ಮಲಗುತ್ತೆ."

"ನಿಲ್ಲಿಸೋದೆಲ್ಲಿ?"

"ಹಟ್ಟಿ ಮುಂದೆ ಇಳಿಜಾರಲ್ಲಿ. ಸಮತಟ್ಟಾಗಿರೋ ಜಾಗದಲ್ಲಿ ಜನ ಕೂತಿರ್ತಾರೆ. ಗಾಡಿ ತಿರುಗಿಸೋಕೂ ಜಾಗ ಇಲ್ಲ, ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿ ಮೇಲಾಗೇ ನಿಲ್ಲಿಸ್ತೀನಿ."

ಮೇಸ್ತ್ರಿ ಬಟ್ಟೆಯನ್ನು ನೆಲಕ್ಕೆ ಎಸೆದ. "ಇದನ್ನ ಒಂದು ವಾರ ಹೊಟ್ಟೇಲಿ ಇಟ್ಕೊಂಡಿದ್ರಲ್ಲಮ್ಮ!"

"ನೀವು ಕೇಳಿದ್ದು ಏರು ಹೇಗಿದೆ ಅಂತ. ನಿಂತಿರೋದನ್ನ ಯಾರಾದ್ರೂ ಹೇಳ್ತಾರಾ?"

ಅದು ನಿಜ. ಹತ್ತುವುದನ್ನು ಕೇಳಿದರು, ಎಳೆಯುವುದನ್ನು ಕೇಳಿದರು, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಕೇಳಿದರು. ನಿಂತಿರುವುದೂ ಒಂದು ಕೆಲಸ ಎಂದು ಯಾರ ತಲೆಗೂ ಹೊಳೆದಿರಲಿಲ್ಲ, ಬುಗುರಿಯ ತಲೆಗಂತೂ ಹೊಳೆಯುವ ಮಾತೇ ಇಲ್ಲ.

ಮೇಸ್ತ್ರಿ ಸ್ಟ್ಯಾಂಡಿನ ಮುಂದಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಡತೊಡಗಿದ. ಇಳಿಜಾರು ಎಷ್ಟಿದೆ ಎಂದು ಅವಳು ಅಂಗೈ ಓರೆ ಮಾಡಿ ತೋರಿಸಿದಳು. ಎಂಜಿನ್ನು ಮೂತಿಯೆತ್ತಿಕೊಂಡು ಮೆಲ್ಲಗೆ ಓಡತೊಡಗಿತು. ಐದು ನಿಮಿಷ ಏನೂ ಇಲ್ಲ. ಭಾವ ಮೀಸೆ ಸವರಿಕೊಂಡ. ಹನ್ನೊಂದನೇ ನಿಮಿಷಕ್ಕೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅಲ್ಲಾಡಿತು, ಹದಿನಾಲ್ಕಕ್ಕೆ ಕೆಳಗೆ ಬಿತ್ತು. ಎಂಜಿನ್ನಿನ ತಲೆಯಿಂದ ಟಕಟಕ ಎಂದು ಒಣ ಸದ್ದು. ಮೇಸ್ತ್ರಿ ಓಡಿಹೋಗಿ ಬಂದ್ ಮಾಡಿದ.

"ವ್ಯಾನಿನ ಆಯಿಲ್ ಚೇಂಬರಿಗೆ ಆಳ ಇರೋದು ಮುಂದುಗಡೆ. ಎಣ್ಣೆ ಹೀರೋ ಕೊಳವೇನೂ ಅಲ್ಲೇ. ಮೂತಿ ಮೇಲಾದ್ರೆ ಎಣ್ಣೆಯೆಲ್ಲ ಹಿಂದಕ್ಕೆ ಹೋಗುತ್ತೆ, ಕೊಳವೆ ಬರೀ ಗಾಳಿ ಹೀರುತ್ತೆ. ನಿಮ್ಮ ಹಳೇ ಕತ್ತೆಗೆ ಆಳ ಇರೋದು ಹಿಂದೆ. ಹತ್ತು ನಿಮಿಷದ ಏರು ಇದು ತಡ್ಕೊಳ್ಳುತ್ತೆ, ಎರಡೂವರೆ ಗಂಟೆ ಅಲ್ಲ. ಇದನ್ನ ಎರಡು ಸಲ ಹಾಗೆ ನಿಲ್ಲಿಸಿದ್ರೆ ಮೂರನೇ ಸಲ ಮೇಲಿಂದ ಹೊತ್ಕೊಂಡು ಬರಬೇಕು."

"ಚೇಂಬರು ಬದಲಾಯಿಸೋಕಾಗಲ್ವಾ?"

"ಆಗುತ್ತೆ. ಕೊಯ್ದು, ಬೆಸುಗೆ ಹಾಕಿ, ಕೊಳವೆ ತಿರುಗಿಸಿ... ಅದಕ್ಕೂ ಇಪ್ಪತ್ತು ದಿನ. ಅಷ್ಟು ಮಾಡೋ ಬದ್ಲು ಹಳೇದೇ ಕೂರಿಸಬಹುದು."

ಭಾವ ಎದ್ದು ಬಂದ. ಕೆಟ್ಟ ಮನುಷ್ಯನಲ್ಲ, ಅವಳ ಒದ್ದಾಟ ಅವನಿಗೆ ಗೊತ್ತಿತ್ತು. ತಗ್ಗಿದ ದನಿಯಲ್ಲಿ ಹೇಳಿದ. "ನೋಡಮ್ಮ, ಕಚೇರಿ ಅಂಗಳ ಅಂಗೈ ಹಾಗೆ ಸಮ ಇದೆ. ನಾಡಿದ್ದು ತೋರಿಸ್ತೀಯ, ಸಹಿ ಹಾಕ್ತೀಯ, ಗುಡ್ಡ ನಿಂದೇ ಆಗುತ್ತೆ. ಆಮೇಲೆ ನಿಧಾನಕ್ಕೆ ಸರಿ ಮಾಡಿಸ್ಕೊಂಡ್ರಾಯ್ತು. ಯಾರಿಗೆ ಗೊತ್ತಾಗುತ್ತೆ?"

ಆ ಮಾತು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ ಅವಳು ಮೊದಲ ಸಲ ಸ್ಟೂಲಿನ ಮೇಲೆ ಕೂತಳು. ಹೂಂ ಅಂದರೆ ಸಾಕಿತ್ತು. ಹೂಂ ಅನ್ನಲು ಬಾಯಿಯನ್ನೂ ತೆರೆದಳು. ಆದರೆ ನಾಡಿದ್ದಿನ ಮರುದಿನವೇ ಹಟ್ಟಿಯ ಸರದಿ. ಎಂಜಿನ್ನು ಓಡಿಸಿದರೆ ಎಂಜಿನ್ನು ಹೋಗುತ್ತದೆ, ನಿಲ್ಲಿಸಿದರೆ ಲಸಿಕೆ ಕೆಡುತ್ತದೆ. ಕೆಟ್ಟ ಲಸಿಕೆಗೂ ಒಳ್ಳೆಯದಕ್ಕೂ ಬಣ್ಣದಲ್ಲಿ ಭೇದವಿಲ್ಲ, ಮಕ್ಕಳಿಗೆ ಚುಚ್ಚಿಸಿದ ತಾಯಂದಿರು ನಂಬಿಕೊಂಡು ಮನೆಗೆ ಹೋಗುತ್ತಾರೆ. ಯಾರಿಗೆ ಗೊತ್ತಾಗುತ್ತೆ ಅಂದನಲ್ಲ ಭಾವ, ಅವಳಿಗೆ ಗೊತ್ತಾಗುತ್ತಿತ್ತು.

"ಕತ್ತೇನೇ ಮಾಡಿ ಮೇಸ್ತ್ರಿ" ಎಂದಳು. ಹೇಳಿ ಹೊರಗೆ ಹೋಗಿ ಬೀದಿಯ ಕೊನೆಯವರೆಗೂ ಸರಸರ ನಡೆದಳು. ಅಲ್ಲಿ ನಿಂತು ಚೆನ್ನಾಗಿ ಅತ್ತಳು.

ಒಂದನೇ ತಾರೀಖು ಗಾಡಿ ಇಲ್ಲದೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ದೊಡ್ಡ ಸಾಹೇಬರು ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು, ನಿಯಮ ನಿಯಮವೇ ಎಂದರು. ಮರುದಿನದಿಂದ ದಾಖಲೆ ಕೋಣೆ. ಮಧ್ಯಾಹ್ನದೊಳಗೆ ಅವಳು ಕಪಾಟುಗಳನ್ನೆಲ್ಲ ಒರೆಸಿ ಮುಗಿಸಿದ್ದಳು, ವಾರದೊಳಗೆ ಇಪ್ಪತ್ತು ವರ್ಷದ ಕಡತ ಜೋಡಿಸಿದ್ದಳು. ಆಮೇಲೆ ಕುರ್ಚಿಯೊಂದೇ ಉಳಿಯಿತು. ಮನೆಗೆ ಬಂದರೆ ಅತ್ತೆ ಚಕ್ರದ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಸೊಸೆ ಊಟದ ನಡುವೆ ಒಮ್ಮೆಯೂ ಏಳದಿರುವುದನ್ನು ನೋಡಿ ತಾವೇ ಎದ್ದು ಹೋಗಿ ನೀರು ತರುತ್ತಿದ್ದರು.

ಇಪ್ಪತ್ತಾರನೇ ದಿನ ಗಾಡಿ ಸಿದ್ಧವಾಯಿತೆಂದು ಮೇಸ್ತ್ರಿಯಿಂದ ಫೋನು ಬಂತು. ಪಕ್ಕದ ಕೇಂದ್ರದ ನರ್ಸು ಸಂಜೆ ಬಂದು ಒಯ್ಯುವುದೆಂದು ಗೊತ್ತಾಗಿತ್ತು. ಇವಳು ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದಳು.

"ಪರೀಕ್ಷೆ ಎಲ್ಲಾ ಮಾಡಿದೀನಿ ನರ್ಸಮ್ಮ. ನೀವ್ಯಾಕೆ ಬರೋಕೆ ಹೋದ್ರಿ?"

"ಆಯ್ಕೆ ನನ್ನದಲ್ವಾ?" ಎಂದು ಕೀ ಇಸಿದುಕೊಂಡಳು. ಲಾರಿಗೆ ಸಾಮಾನು ಏರಿಸುವ ಕಲ್ಲಿನ ಇಳಿಜಾರಿನ ಮೇಲೆ ಜೀಪನ್ನು ಮೂತಿ ಮೇಲಾಗಿ ನಿಲ್ಲಿಸಿದಳು. ಚಕ್ರಕ್ಕೆ ಕಲ್ಲು ಕೊಡಿಸಿದಳು. ಎಂಜಿನ್ನು ಬಂದ್ ಮಾಡದೆ, ಸೀಟಿಗೆ ಒರಗಿ, ಎಣ್ಣೆಯ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತಳು.

ಅರ್ಧ ಗಂಟೆಯಾಯಿತು, ಒಂದಾಯಿತು. ಮುಳ್ಳು ಅಲ್ಲಾಡಲಿಲ್ಲ, ಅವಳೂ ಅಲ್ಲಾಡಲಿಲ್ಲ. ಭಾವ ಬಂದು ಗೇಟಿನ ಹತ್ತಿರ ನಿಂತು ನೋಡಿ ಹೋದ. ಎರಡು ಗಂಟೆ ತುಂಬುವ ಹೊತ್ತಿಗೆ ಪಕ್ಕದ ಕೇಂದ್ರದ ನರ್ಸು ಹುಡುಗಿ ಬಂದಳು. ಹೊಸ ಬ್ಯಾಗು, ಮುಖದ ತುಂಬ ಗಾಬರಿ. "ಅಕ್ಕಾ, ಅಷ್ಟು ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿದ್ರೆ ಏನೂ ಆಗಲ್ವಾ?" ಎಂದು ಕೇಳಿದಳು.

"ಆಗಲ್ಲ ಕಣೇ. ಧೈರ್ಯವಾಗಿ ನಿಲ್ಲಿಸು, ಆಫ್ ಮಾತ್ರ ಮಾಡ್ಬೇಡ."

ಮೇಸ್ತ್ರಿ ನೀರಿನ ಚೊಂಬು ತಂದು ಕಿಟಕಿಯಲ್ಲಿ ಹಿಡಿದ. "ಇಳೀರಿ ನರ್ಸಮ್ಮ. ಆ ಮಗು ಕಾಯ್ತಾ ಇದೆ. ಕತ್ತೆ ಪಾಸಾಯ್ತು, ಸಾಕು."

"ಇನ್ನೂ ಇಪ್ಪತ್ತು ನಿಮಿಷ ಇದೆ" ಎಂದಳು ಅವಳು, ಮುಳ್ಳಿನಿಂದ ಕಣ್ಣು ತೆಗೆಯದೆ.